ಕಾಲುವೆ ದಂಡೆ ಮೇಲೆ ಟ್ರ್ಯಾಕ್ ಬೇಡ, ದಾರಿ ಕೇಳಿ

ಪ್ರಶ್ನೆ: ನಾವು ಬಳ್ಳಾರಿ ಊರಂಚಿನ ಒಂದು ಬಡಾವಣೆಯವರು. ಮನೆಗಳ ಹಿಂದೆ ತುಂಗಭದ್ರಾ ಎಚ್‌ಎಲ್‌ಸಿಯ (ಮೇಲ್ಮಟ್ಟದ ಕಾಲುವೆ) ಉಪಕಾಲುವೆ ಹೋಗುತ್ತದೆ. ಅದರ ದಂಡೆ ಮೇಲೆ ನಾವು ಬೆಳಿಗ್ಗೆ ನಡೆಯುತ್ತೇವೆ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ಅಲ್ಲಿ ಎರಡು ಕಿಲೋಮೀಟರ್ ಉದ್ದ ಟೈಲ್ಸ್ ಹಾಕಿಸಿ, ನಡೆಯುವವರಿಗೂ ಸೈಕಲ್‌ನವರಿಗೂ ಆಗುವ ಒಂದು ಟ್ರ್ಯಾಕ್ ಮಾಡಿಸಿಕೊಡಿ ಎಂದು ಅರ್ಜಿ ಕೊಡಬೇಕೆಂದಿದ್ದೇವೆ. ಎಷ್ಟು ಅಗಲ ಕೇಳಬೇಕು? ಟೈಲ್ಸ್ ಸರಿಯೇ? ಇಬ್ಬರೂ ಒಂದೇ ಕಡೆ ಹೋದರೆ ಜಗಳ ಆಗುವುದಿಲ್ಲವೇ? ಬೈಕ್‌ಗಳು ನುಗ್ಗದ ಹಾಗೆ ಏನು ಮಾಡಬೇಕು?

ಉತ್ತರ: ಟೈಲ್ಸ್ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಜಿಯಲ್ಲಿ ಒಂದು ಸಲ ಟೈಲ್ಸ್ ಅಂತ ಬರೆದರೆ ಎಸ್ಟಿಮೇಟ್ ಪೂರ್ತಿ ಅದರ ಸುತ್ತಲೇ ತಿರುಗುತ್ತದೆ. ಅಗಲ, ನೆರಳು, ರಸ್ತೆ ದಾಟುವ ಜಾಗ ಎಲ್ಲಾ 'ಆಮೇಲೆ ನೋಡೋಣ' ಅಂತಾಗುತ್ತದೆ. ಆಮೇಲೆ ಯಾರೂ ನೋಡುವುದಿಲ್ಲ.

ಅರ್ಜಿಯಲ್ಲಿ ಇನ್ನೊಂದು ಪದವನ್ನೂ ತಿದ್ದಿ. 'ಟ್ರ್ಯಾಕ್' ಅನ್ನಬೇಡಿ, 'ದಾರಿ' ಅನ್ನಿ. ಟ್ರ್ಯಾಕ್ ಅಂದರೆ ಶುರುವಾದ ಕಡೆಗೇ ಬಂದು ನಿಲ್ಲುವುದು. ಬೆಳಿಗ್ಗೆ ಎರಡು ತಾಸು ಅದು ವಾಕಿಂಗ್‌ನವರದು, ಉಳಿದ ಹೊತ್ತು ನಾಯಿಗಳದ್ದು. ದಾರಿ ಅಂದರೆ ಎಲ್ಲಿಗೋ ಹೋಗುವುದು: ಶಾಲೆಗೆ, ಕೆಲಸಕ್ಕೆ, ಬಸ್ ಸ್ಟಾಪಿಗೆ, ಹೊಲಕ್ಕೆ. ಸುತ್ತು ಹಾಕಲು ಊರಲ್ಲಿ ಕ್ರೀಡಾಂಗಣ ಇದೆ, ಪಾರ್ಕುಗಳಿವೆ. ಗಾಡಿಗಳಿಲ್ಲದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ದಾರಿ ಇಲ್ಲ. ನಿಮ್ಮ ಹಿತ್ತಲಲ್ಲಿ ಅದು ಅರ್ಧ ತಯಾರಾಗಿ ಬಿದ್ದಿದೆ. ಅದನ್ನು ಬಿಟ್ಟು ಟ್ರ್ಯಾಕ್ ಯಾಕೆ ಕೇಳುತ್ತೀರಿ?

ನೀವು ನಾಲ್ಕು ಮಂದಿ ವಾಕಿಂಗ್ ಹೋಗುವ ಜಾಗ ಅಂತ ಮಾತ್ರ ಅದನ್ನು ನೋಡಿದ್ದೀರಿ ಅನ್ನಿಸುತ್ತದೆ. ಒಂದು ದಿನ ಬೆಳಿಗ್ಗೆ ಐದೂವರೆಗೆ ಒಂದು ನೋಟ್‌ಬುಕ್ ಹಿಡಿದು ದಂಡೆ ಪಕ್ಕ ಬೇವಿನ ಮರದ ಕೆಳಗೆ ಕೂತು ನೋಡಿ. ನಾನು ಇಂಥದ್ದೇ ಒಂದು ಕಾಲುವೆ ಮೇಲೆ ಹಾಗೆ ಕೂತಿದ್ದೆ. ಮೊದಲು ಬಂದದ್ದು ಎರಡೂ ಬದಿಗೆ ಹಾಲಿನ ಕ್ಯಾನ್ ನೇತುಹಾಕಿದ ಸೈಕಲ್. ಹಿಂದೆಯೇ ಮೆಣಸಿನಕಾಯಿ ಬಿಡಿಸಲು ಹೊರಟ ಹೆಣ್ಣುಮಕ್ಕಳ ಗುಂಪು, ತಲೆ ಮೇಲೆ ಬುತ್ತಿ. ಏಳರ ಹೊತ್ತಿಗೆ ಸ್ಪೋರ್ಟ್ಸ್ ಶೂ ಹಾಕಿದವರು. ಎಂಟೂವರೆಗೆ ಯೂನಿಫಾರಂ ಹುಡುಗಿಯರು, ಮೂರು ಮೂರು ಸೈಕಲ್ ಸಾಲಾಗಿ, ಮಾತಾಡಿಕೊಂಡು. ಒಂಬತ್ತಕ್ಕೆ ಒಬ್ಬಾತ ಕ್ಯಾರಿಯರ್ ಮೇಲೆ ಜೀನ್ಸ್ ಬಂಡಲ್ ಕಟ್ಟಿಕೊಂಡು ಹೋದ. ಮನೆಯಲ್ಲಿ ಹೊಲಿದು ಯೂನಿಟ್ಟಿಗೆ ಒಪ್ಪಿಸಲು ಹೊರಟವನು. ಶೂ ಹಾಕಿ ನಡೆಯುವವರು ಒಟ್ಟು ಜನರಲ್ಲಿ ಕಾಲು ಭಾಗವೂ ಇರಲಿಲ್ಲ. ಆ ದಾರಿ ಬೇಕಂತ ಅರ್ಜಿ ಕೊಟ್ಟವರು ಮಾತ್ರ ಎಲ್ಲರೂ ಶೂ ಹಾಕಿದವರೇ.

ಹೀಗೆ ಎರಡು ದಿನ ಲೆಕ್ಕ ಹಾಕಿ. ಒಂದು ಭಾನುವಾರ, ಒಂದು ಕೆಲಸದ ದಿನ. ಬೆಳಿಗ್ಗೆ ಮೂರು ತಾಸು, ಸಂಜೆ ಮೂರು ತಾಸು. ನಡೆಯುವವರು ಎಷ್ಟು, ಸೈಕಲ್ ಎಷ್ಟು, ಬೈಕ್ ಎಷ್ಟು, ಅದರಲ್ಲಿ ಹೆಂಗಸರೆಷ್ಟು, ಮಕ್ಕಳೆಷ್ಟು ಅಂತ ಗೀಟು ಹಾಕಿದರೆ ಸಾಕು. ಎಲ್ಲಿ ದಂಡೆ ಹತ್ತಿದರು, ಎಲ್ಲಿ ಇಳಿದರು ಅನ್ನುವುದನ್ನು ಮರೆಯದೆ ಬರೆಯಿರಿ. ಜನ ಹತ್ತಿ ಇಳಿಯುವ ಕಡೆ ದಂಡೆ ಸವೆದು ಸಣ್ಣ ಜಾಡು ಬಿದ್ದಿರುತ್ತದೆ. ನಿಮ್ಮ ನಕ್ಷೆಯನ್ನು ಆ ಜಾಡುಗಳೇ ಅರ್ಧ ಬರೆದು ಇಟ್ಟಿರುತ್ತವೆ.

ಇನ್ನು ಅಗಲ. ಕೋಡ್ ಪುಸ್ತಕಕ್ಕೆ ಮೊದಲು ಒಂದು ಟೇಪು, ಒಂದು ಸೀಮೆಸುಣ್ಣ ತಗೊಂಡು ಮನೆ ಮುಂದಿನ ರಸ್ತೆಗೆ ಬನ್ನಿ. ಗಂಡ ಹೆಂಡತಿ ಅಕ್ಕಪಕ್ಕ ನಡೆಯಲಿ. ಕೈ ಬೀಸಿಕೊಂಡು ಆರಾಮಾಗಿ ನಡೆದರೆ ಸುಮಾರು 1.2 ಮೀಟರ್ ಬೇಕು. ಸೈಕಲ್ ಹ್ಯಾಂಡಲ್ 60 ಸೆಂಟಿಮೀಟರ್ ಇರಬಹುದು, ಆದರೆ ಸೈಕಲ್ ಗೆರೆ ಎಳೆದ ಹಾಗೆ ಹೋಗುವುದಿಲ್ಲ, ಆ ಕಡೆ ಈ ಕಡೆ ಸ್ವಲ್ಪ ಓಲಾಡುತ್ತದೆ. ಹಾಗಾಗಿ ಒಂದು ಸೈಕಲ್ಲಿಗೆ 1 ಮೀಟರ್ ಹಿಡಿಯಿರಿ. ಈಗ ಆ ಜೋಡಿಯನ್ನು ಒಂದು ಸೈಕಲ್ ದಾಟುತ್ತಿದೆ, ಎದುರಿಂದ ಇನ್ನೊಂದು ಬಂತು. 1.2, 1, ಮತ್ತೆ 1. ಒಟ್ಟು 3.2 ಮೀಟರ್. ಅಮೆರಿಕದ ಎಂಜಿನಿಯರುಗಳು ಇಂಥ ಕೂಡುದಾರಿಗೆ ಕನಿಷ್ಠ 10 ಅಡಿ ಅನ್ನುವುದೂ, ಬ್ರಿಟನ್ನಿನ 2020ರ ಮಾರ್ಗಸೂಚಿ 3 ಮೀಟರ್ ಅನ್ನುವುದೂ ಹೆಚ್ಚುಕಡಿಮೆ ಇದೇ ಲೆಕ್ಕ.

ನಮ್ಮ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಕೋಡಿನಲ್ಲಿ ಫುಟ್‌ಪಾತಿಗೆ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಅಂತಿದೆ. ಎರಡು ಗಾಲಿಕುರ್ಚಿ ಎದುರುಬದುರು ದಾಟಲು ಬೇಕಾದಷ್ಟು. ಅದು ಬರೀ ನಡೆಯುವವರಿಗೆ. ಆದರೆ ಆಗುವುದೇನು? ಎಸ್ಟಿಮೇಟ್ ಬರೆಯುವವರು ಅದೇ 1.8 ಮೀಟರನ್ನು ಎತ್ತಿಕೊಂಡು, ಪಕ್ಕದಲ್ಲಿ ಒಂದು ಸೈಕಲ್ ಚಿತ್ರ ಬರೆಸಿ, ಇಬ್ಬರಿಗೂ ಆಯ್ತು ಅನ್ನುತ್ತಾರೆ. ನೀವು 3 ಮೀಟರಿಗಿಂತ ಕಡಿಮೆಗೆ ಒಪ್ಪಬೇಡಿ. ಅದರ ಎರಡೂ ಬದಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಖಾಲಿ ಜಾಗ ಇರಬೇಕು. ಕಂಬ, ಗಿಡ, ಬೆಂಚು ಯಾವುದೂ ಅಲ್ಲಿ ಬರಬಾರದು. ನಿಮ್ಮ ಲೆಕ್ಕದಲ್ಲಿ ಬೆಳಗಿನ ಜನ ತುಂಬಾ ಇದ್ದರೆ 4 ಮೀಟರ್ ಕೇಳಿ.

ದಂಡೆ ಅಷ್ಟು ಅಗಲ ಇಲ್ಲ ಅನ್ನಬಹುದು. ಪರವಾಗಿಲ್ಲ, ಕೆಲವು ಕಡೆ ಐವತ್ತು ಮೀಟರ್ ಉದ್ದಕ್ಕೆ ಎರಡೂವರೆಗೆ ಇಳಿದರೆ ನಡೆಯುತ್ತದೆ. ಆದರೆ ಅಂಥ ಇಕ್ಕಟ್ಟು ತಿರುವಿನಲ್ಲಿ ಬರಬಾರದು, ಎದುರಿನವರು ದೂರದಿಂದಲೇ ಕಾಣುವ ನೇರ ದಾರಿಯಲ್ಲಿರಬೇಕು.

ಜಗಳದ ಬಗ್ಗೆ ಕೇಳಿದ್ದೀರಿ. ಆಗುತ್ತದೆ. ಸುಮ್ನೆ ಆಗಲ್ಲ ಅಂತ ಹೇಳುವುದಿಲ್ಲ. ನಡೆಯುವವರ ವೇಗ ತಾಸಿಗೆ 4ರಿಂದ 5 ಕಿಲೋಮೀಟರ್. ಸಾದಾ ಸೈಕಲ್ 12ರಿಂದ 15. ಗೇರ್ ಸೈಕಲ್ ಮೇಲೆ ಹೆಲ್ಮೆಟ್ ಹಾಕಿಕೊಂಡು ಬರುವ ಹುಡುಗರು 25 ದಾಟುತ್ತಾರೆ. ಮೊದಲ ಎರಡು ಒಟ್ಟಿಗೆ ಬಾಳುತ್ತವೆ, ಮೂರನೆಯದು ಬಾಳುವುದಿಲ್ಲ. ವೇಗದವರಿಗೆ ಬೆಳಗಿನ ಜಾವದ ಹೊರ ರಸ್ತೆಯೇ ಸರಿ. ಅವರಿಗೂ ಈ ದಾರಿ ಬೇಕಂತಿಲ್ಲ, ಕೇಳಿ ನೋಡಿ.

ನಡೆಯುವವರ ಕಡೆಯ ತಪ್ಪೂ ಇದೆ. ಐದು ಮಂದಿ ಗೆಳೆಯರು ಅಡ್ಡಡ್ಡ ಸಾಲು ಕಟ್ಟಿ, ರಾಜಕೀಯ ಮಾತಾಡುತ್ತಾ ನಡೆದರೆ ಆರು ಮೀಟರ್ ದಾರಿಯೂ ಸಾಲದು. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಬೆಲ್ ಕೇಳುವುದಿಲ್ಲ. ನಿಯಮ ಒಂದೇ ಇರಲಿ: ಎಲ್ಲರೂ ಎಡಕ್ಕೆ, ದಾಟುವವರು ಬಲಕ್ಕೆ, ದಾಟುವ ಮೊದಲು ಬೆಲ್. ರಸ್ತೆಯಲ್ಲಾದರೆ ಎದುರು ಬರುವ ಗಾಡಿ ಕಾಣಲಿ ಅಂತ ಬಲಕ್ಕೆ ನಡೆಯಿರಿ ಅನ್ನುತ್ತೇವೆ. ಅದನ್ನು ಇಲ್ಲಿಗೆ ತಂದರೆ ಗೊಂದಲ. ಹತ್ತು ನಿಯಮದ ದೊಡ್ಡ ಬೋರ್ಡು ಯಾರೂ ಓದುವುದಿಲ್ಲ. ನೆಲದ ಮೇಲೆ ನೂರು ಮೀಟರಿಗೊಂದು ಬಾಣದ ಗುರುತು ಸಾಕು. ಕುರಿ ಹಿಂಡು ಎದುರಾದರೆ ಎಲ್ಲರೂ ನಿಲ್ಲಲೇಬೇಕು, ಅದಕ್ಕೆ ಬೋರ್ಡೇ ಬೇಡ ಅಲ್ವಾ.

ಒಂದು ಎಚ್ಚರಿಕೆ. ಬ್ರಿಟನ್ನಿನ ಅದೇ ಮಾರ್ಗಸೂಚಿ ಊರೊಳಗಿನ ಬೀದಿಗಳಲ್ಲಿ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಬಿಡಬೇಡಿ, ಬೇರೆ ಮಾಡಿ ಅನ್ನುತ್ತದೆ. ನನ್ನ ಅನುಭವವೂ ಅದೇ. ಅಂಗಡಿ, ಗೇಟು, ಆಟದ ಮೈದಾನ ಇರುವ ಕಡೆ ಜನ ದಾರಿಗೆ ಅಡ್ಡ ಬರುತ್ತಾರೆ. ನಿಮ್ಮ ಎರಡು ಕಿಲೋಮೀಟರಿನಲ್ಲಿ ಮನೆಗಳಿಗೆ ತಾಗಿದ ಮುನ್ನೂರು ನಾನೂರು ಮೀಟರ್ ಇದ್ದರೆ, ಅಷ್ಟಕ್ಕೆ ಮಾತ್ರ ನಡೆಯುವವರಿಗೆ ಒಂದು ಮೆಟ್ಟಿಲು ಎತ್ತರದ ಬೇರೆ ಪಟ್ಟಿ ಕೊಡಿ. ಬಣ್ಣದ ಗೆರೆ ಎಳೆದರೆ ಯಾರೂ ಪಾಲಿಸುವುದಿಲ್ಲ. ಉಳಿದ ಉದ್ದಕ್ಕೆ ಕೂಡುದಾರಿ ಸಾಕು.

ಈಗ ಟೈಲ್ಸ್ ಯಾಕೆ ಬೇಡ ಅಂದೆ, ಅದಕ್ಕೆ ಬರೋಣ. ಇದು ನನ್ನದೇ ತಪ್ಪಿನ ಕಥೆ. ವರ್ಷಗಳ ಹಿಂದೆ ಎರೆ (ಕಪ್ಪು ಮಣ್ಣಿನ) ಭೂಮಿಯ ಒಂದು ಊರಲ್ಲಿ ನಡಿಗೆದಾರಿಯ ಕೆಲಸ ನನ್ನ ಉಸ್ತುವಾರಿಯಲ್ಲಿತ್ತು. ಬೇಸಿಗೆಯಲ್ಲಿ ಮಣ್ಣು ಬಿರುಕುಬಿಟ್ಟು ಗಟ್ಟಿಯಾಗಿತ್ತು. ಕಲ್ಲಿನ ಹಾಗಿದೆ, ಇದರ ಮೇಲೇ ಹಾಕಿ ಅಂದೆ. ಮರಳು ಹಾಸಿ ಇಂಟರ್‌ಲಾಕ್ ಟೈಲ್ಸ್ ಕೂರಿಸಿದೆವು. ಕೆಂಪು, ಹಳದಿ, ನೋಡಲು ಚೆಂದ. ಉದ್ಘಾಟನೆ ಆಯ್ತು. ಎರಡು ಹದ ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಟೈಲ್ಸ್ ಹಾವು ಹರಿದ ಹಾಗೆ ಅಲೆಯಲೆಯಾಗಿ ಎದ್ದಿದ್ದವು. ಸೈಕಲ್ ಹೊಡೆದರೆ ಹಲ್ಲು ಕಟಕಟ ಅನ್ನುತ್ತಿತ್ತು. ಜನ ಟೈಲ್ಸ್ ಬಿಟ್ಟು ಪಕ್ಕದ ಮಣ್ಣಿನಲ್ಲೇ ಹೊಸ ಕಾಲುದಾರಿ ಮಾಡಿಕೊಂಡಿದ್ದರು. ಒಬ್ಬ ಮುದುಕಿ ಕೋಲು ಊರಿಕೊಂಡು ಆ ಮಣ್ಣಲ್ಲಿ ಹೋಗುತ್ತಾ, 'ಇದು ಯಾರಿಗೆ ಮಾಡ್ಯಾರಪ್ಪಾ' ಅಂದಳು. ಯಾರಂತ ನಾನು ಹೇಳಲಿಲ್ಲ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬಳ್ಳಾರಿ ಸುತ್ತ ಎರಡೂ ಮಣ್ಣಿದೆ. ಗುಡ್ಡಗಳ ಆಸುಪಾಸಿನಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು. ಮೋಕಾ, ಸಿರುಗುಪ್ಪ ಕಡೆ ಹೋದ ಹಾಗೆ ಎರೆ. ಒಂದೇ ಕಾಲುವೆ ಒಂದು ಕಿಲೋಮೀಟರಿನಲ್ಲಿ ಎರಡನ್ನೂ ದಾಟಬಹುದು. ನಿಮ್ಮದು ಯಾವುದು ಅಂತ ಊಹೆ ಮಾಡಬೇಡಿ, ಪರೀಕ್ಷೆ ಮಾಡಿ. ಕಾಲೇಜಿನ ಲ್ಯಾಬ್‌ನಲ್ಲಿ ಎರಡು ದಿನದ ಕೆಲಸ. ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿದ ಮಣ್ಣು ಹತ್ತತ್ತು ಗ್ರಾಂ ತಗೊಂಡು 100 ಮಿಲಿಲೀಟರಿನ ಎರಡು ಅಳತೆಗಾಜಿಗೆ ಹಾಕುತ್ತಾರೆ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ನೀರು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ತಾಸು ಬಿಟ್ಟು ಎರಡರ ಮಟ್ಟ ನೋಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು 10ರ ಗೀಟಿಗೆ ನಿಂತು, ನೀರಿನಲ್ಲಿ 16ಕ್ಕೆ ಏರಿದ್ದರೆ, ಅದು ನೂರಕ್ಕೆ 60 ಉಬ್ಬುವ ಮಣ್ಣು. 50 ದಾಟಿತು ಅಂದರೆ ಅದರ ಮೇಲೆ ನೇರವಾಗಿ ಏನನ್ನೂ ಕೂರಿಸಬಾರದು.

ಇದಕ್ಕೆ ಮದ್ದು ಹೊಸದೇನಲ್ಲ. ಉಬ್ಬುವ ಮಣ್ಣಿನ ಮೇಲೆ ಉಬ್ಬದ ಆದರೆ ಅಂಟುಗುಣ ಇರುವ ಮಣ್ಣಿನ ಪದರ ಹಾಕಿದರೆ ಕೆಳಗಿನ ಉಬ್ಬರ ತಗ್ಗುತ್ತದೆ. ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ ಇದನ್ನು ಪ್ರಯೋಗ ಮಾಡಿ ತೋರಿಸಿಕೊಟ್ಟರು. ಎರೆ ಭೂಮಿಯಲ್ಲಿ ಕಾಲುವೆ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು. ಲಾರಿ ಓಡುವ ರಸ್ತೆಗಾದರೆ ಈ ಪದರ ಅರ್ಧ ಮೀಟರಿಗಿಂತ ದಪ್ಪ ಬೇಕು. ಕಾಲು, ಸೈಕಲ್ಲಿನ ದಾರಿಗೆ 30 ಸೆಂಟಿಮೀಟರ್ ಒಳ್ಳೆಯ ಗರಸು, ಎರಡು ಪದರದಲ್ಲಿ ನೀರು ಹಾಕಿ ರೋಲರ್ ಹೊಡೆದದ್ದು, ಬಹಳ ಕಡೆ ಸಾಕಾಗುತ್ತದೆ. ಮಸಾರಿ ಇರುವ ಕಡೆ ಅದರ ಅರ್ಧ.

ಮೇಲೆ ಏನು ಹಾಕುವುದು? ನನ್ನ ಮನಸ್ಸು ಕಲ್ಲುಪುಡಿಯ ಕಡೆ. ಕ್ರಷರ್‌ನಲ್ಲಿ ಉಳಿಯುವ ಗ್ರಾನೈಟ್ ಪುಡಿಯನ್ನು ಐದರಿಂದ ಏಳು ಸೆಂಟಿಮೀಟರ್ ದಪ್ಪ ಹಾಸಿ ನೀರು ಹೊಡೆದು ಗಟ್ಟಿ ಮಾಡಿದರೆ, ಮಂಡಿನೋವಿನವರಿಗೂ ಹಿತ, ಸೈಕಲ್ ಗಾಲಿಗೂ ಹಿತ. ನಮ್ಮಲ್ಲಿ ಕ್ರಷರ್‌ಗೇನು ಬರ. ಕಿತ್ತುಹೋದರೆ ಒಂದು ಟ್ರ್ಯಾಕ್ಟರ್ ಪುಡಿ, ಒಂದು ದಿನದ ಕೆಲಸ. ಕಾಲುವೆ ಹೂಳು ತೆಗೆಯಲು ಬರುವ ದೊಡ್ಡ ಯಂತ್ರ ಅದರ ಮೇಲೆ ಹಾದುಹೋದರೂ ಮತ್ತೆ ಸರಿ ಮಾಡಬಹುದು. ತೆಳು ಕಾಂಕ್ರೀಟ್ ಆದರೆ ಬಿಸ್ಕತ್ತಿನ ಹಾಗೆ ಒಡೆಯುತ್ತದೆ. ಕಲ್ಲುಪುಡಿಯ ಕೊರತೆ ಒಂದೇ: ಇಳಿಜಾರಿನಲ್ಲಿ ಮಳೆನೀರಿಗೆ ಕೊಚ್ಚಿಹೋಗುತ್ತದೆ. ಹಾಗಾಗಿ ದಂಡೆ ಹತ್ತಿ ಇಳಿಯುವ ಕಡೆ, ರಸ್ತೆ ಸೇರುವ ಕಡೆ ಮಾತ್ರ ಕಾಂಕ್ರೀಟ್ ಹಾಕಿ. ಅಲ್ಲಿ ಹಸಿ ಇರುವಾಗಲೇ ಪೊರಕೆ ಎಳೆದು ಮೇಲ್ಮೈ ಒರಟು ಮಾಡಿಸಬೇಕು. ನುಣುಪು ಮಾಡಿದರೆ ಮೊದಲ ಮಳೆಗೇ ಯಾರೋ ಸೊಂಟ ಮುರಿದುಕೊಳ್ಳುತ್ತಾರೆ. ಹತ್ತುವ ದಾರಿ 20 ಮೀಟರಿಗೆ 1 ಮೀಟರಿಗಿಂತ ಜಾಸ್ತಿ ಏರಬಾರದು. ಮೆಟ್ಟಿಲು ಕಟ್ಟಿಸಿದರೆ ಹಾಲಿನ ಸೈಕಲ್‌ನವನನ್ನೂ ಗಾಲಿಕುರ್ಚಿಯವರನ್ನೂ ಹೊರಗೆ ಹಾಕಿದ ಹಾಗೆ.

ನೀರು ನಿಲ್ಲಬಾರದು. ಒಂದು ಮೀಟರಿಗೆ ಎರಡು ಸೆಂಟಿಮೀಟರ್ ಓರೆ ಕೊಡಿ, ಕಾಲುವೆ ಇಲ್ಲದ ಬದಿಗೆ. ಕಾಲುವೆ ಕಡೆಗೇ ಓರೆ ಕೊಟ್ಟರೆ ಮಣ್ಣು ಕಾಲುವೆಗೆ ಇಳಿಯುತ್ತದೆ, ನೀರಾವರಿಯವರು ಒಪ್ಪುವುದಿಲ್ಲ. ಜಾರಿದ ಸೈಕಲ್ಲೂ ನೀರಿನ ಕಡೆಗೇ ಹೋಗುತ್ತದೆ.

ಬಳ್ಳಾರಿಯಲ್ಲಿ ಸೈಕಲ್ ದಾರಿಗೆ ಇನ್ನೊಂದು ಶತ್ರು ಇದೆ, ಹೆಸರಲ್ಲೇ ಊರು ಇಟ್ಟುಕೊಂಡಿದೆ. ಬಳ್ಳಾರಿ ಜಾಲಿ. ನಮ್ಮ ಊರಿನದಲ್ಲ ಪಾಪ, 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಹೆಸರು ಮಾತ್ರ ನಮಗೆ ಅಂಟಿತು. ಕಾಲುವೆ ದಂಡೆಯಲ್ಲಿ ನೀರು ಸಿಗುತ್ತದೆ, ಹಾಗಾಗಿ ಅಲ್ಲಿ ಇನ್ನೂ ಜೋರು. ಅದರ ಒಂದು ಮುಳ್ಳು ಟಯರ್, ಟ್ಯೂಬ್ ಎರಡನ್ನೂ ದಾಟಿ ಹೋಗುತ್ತದೆ. ಮಳೆಗಾಲದ ಕೊನೆಗೆ ನೆಲದಲ್ಲಿ ಹರಡುವ ನೆಗ್ಗಿಲು ಮುಳ್ಳು ಇನ್ನೊಂದು. ಸಣ್ಣದು, ಹಳದಿ ಹೂ, ಎಲ್ಲಿಟ್ಟರೂ ಒಂದು ಕೊಂಬು ಮೇಲಕ್ಕೇ. ಶಾಲೆಗೆ ಹೋಗುವ ಹುಡುಗಿಗೆ ವಾರಕ್ಕೆ ಎರಡು ಪಂಚರ್ ಆದರೆ ಮೂರನೇ ವಾರ ಅವಳು ಆಟೊ ಹತ್ತುತ್ತಾಳೆ, ಇಲ್ಲವೇ ಶಾಲೆ ತಪ್ಪಿಸುತ್ತಾಳೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಸೈಕಲ್‌ಗಳಲ್ಲಿ ಎಷ್ಟೋ ಪಂಚರ್ ಆಗಿ ಗೋಡೆಗೆ ಒರಗಿ ನಿಂತದ್ದನ್ನು ನಾನು ಕಂಡಿದ್ದೇನೆ. ಐದು ಕಿಲೋಮೀಟರ್ ಒಳಗೆ ಪಂಚರ್ ಅಂಗಡಿ ಇರುತ್ತಿರಲಿಲ್ಲ.

ಜಾಲಿಯನ್ನು ಬರೀ ಕಡಿದರೆ ಪ್ರಯೋಜನ ಇಲ್ಲ. ಒಂದು ಕಡೆ ಕಡಿದರೆ ನಾಲ್ಕು ಕಡೆ ಚಿಗುರುತ್ತದೆ. ಮೊಗ್ಗುಗಳು ನೆಲದ ಕೆಳಗೆ ಬೇರಿನ ತಲೆಯಲ್ಲಿರುತ್ತವೆ, ಅದನ್ನು ಅಗೆದು ತೆಗೆಯಬೇಕು. ದಾರಿಯ ಎರಡೂ ಬದಿ ಎರಡೆರಡು ಮೀಟರ್ ಸಾಕು. ಪೂರ್ತಿ ಬೋಳು ಮಾಡಬೇಡಿ. ಅದನ್ನು ಸೌದೆಗೆ ನಂಬಿದ ಮನೆಗಳಿವೆ. ಅವರಿಗೇ ಕಡಿಯಲು ಹೇಳಿದರೆ ಅರ್ಧ ಕೆಲಸ ಆದ ಹಾಗೆ. ಆದರೆ ಷರತ್ತು ಒಂದು: ರೆಂಬೆಯನ್ನು ದಾರಿ ಮೇಲೆ ಎಳೆದುಕೊಂಡು ಹೋಗಬಾರದು. ಎಳೆದ ಉದ್ದಕ್ಕೂ ಮುಳ್ಳು ಉದುರಿರುತ್ತದೆ, ಆರು ತಿಂಗಳು ಪಂಚರ್ ಗ್ಯಾರಂಟಿ. ವಾರಕ್ಕೊಮ್ಮೆ ಕಡ್ಡಿ ಪೊರಕೆಯಲ್ಲಿ ಗುಡಿಸುವುದಕ್ಕೆ ಎಸ್ಟಿಮೇಟಿನಲ್ಲೇ ದುಡ್ಡು ಇಡಿಸಿ. ಲೈಟು, ಕಮಾನು, ಸೆಲ್ಫಿ ಪಾಯಿಂಟ್ ಎಲ್ಲಕ್ಕೂ ದುಡ್ಡು ಇಟ್ಟು ಪೊರಕೆಗೆ ಇಡದ ಎಸ್ಟಿಮೇಟ್‌ಗಳನ್ನು ನೋಡಿ ನೋಡಿ ಸಾಕಾಗಿದೆ.

ನೆರಳಿಲ್ಲದೆ ಇದೆಲ್ಲ ದಂಡ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬೇವು, ಹೊಂಗೆ ನಮ್ಮ ಮಣ್ಣಿಗೆ ಹೊಂದಿದವು, ದನ ತಿನ್ನುವುದೂ ಕಡಿಮೆ. ಆರೇಳು ಮೀಟರಿಗೆ ಒಂದು ಸಾಕು. ಯಾವ ಬದಿಗೆ ಅನ್ನುವುದು ಮುಖ್ಯ. ದಾರಿ ಉತ್ತರ ದಕ್ಷಿಣ ಹೋಗುವ ಕಡೆ ಪಡುವಣ ಬದಿಗೆ ನೆಡಿ, ಸಂಜೆ ನಾಲ್ಕರ ಬಿಸಿಲು ತಡೆಯುತ್ತದೆ. ಪೂರ್ವ ಪಶ್ಚಿಮ ಹೋಗುವ ಕಡೆ ದಕ್ಷಿಣ ಬದಿಗೆ. ದಂಡೆಯ ಇಳಿಜಾರಿನಲ್ಲಿ ಮಾತ್ರ ನೆಡಬೇಡಿ. ಬೇರು ಹೊಕ್ಕ ಜಾಗದಿಂದ ನೀರು ಜಿನುಗಿ ದಂಡೆ ಒಡೆಯಬಹುದು. ಹೊರಗಡೆ, ದಂಡೆಯ ಬುಡ ಬಿಟ್ಟು ನೆಡಬೇಕು. ಮೊದಲ ಮೂರು ಬೇಸಿಗೆ ನೀರು ಹಾಕುವವರು ಯಾರು ಅನ್ನುವುದು ತೀರ್ಮಾನ ಆಗದೆ ಗುಂಡಿ ತೋಡಬೇಡಿ. ಕಾಲುವೆ ಪಕ್ಕದಲ್ಲೇ ಇದೆ ಅಂದುಕೊಳ್ಳಬೇಡಿ, ಬೇಸಿಗೆಯಲ್ಲಿ ಅದು ಒಣಗಿರುತ್ತದೆ.

ಬೈಕ್ ವಿಷಯ. ಎಲ್ಲರೂ ಕಂಬ ನೆಡಿಸಿ ಅನ್ನುತ್ತಾರೆ. ಟೇಪು ಕೈಯಲ್ಲೇ ಇದೆಯಲ್ಲ, ನಿಮ್ಮ ಬೈಕ್ ಹ್ಯಾಂಡಲ್ ಅಳೆಯಿರಿ. 70ರಿಂದ 80 ಸೆಂಟಿಮೀಟರ್ ಇರುತ್ತದೆ. ಗಾಲಿಕುರ್ಚಿ ಆರಾಮಾಗಿ ದಾಟಲು 90 ಬೇಕು. ಅಂದರೆ ಗಾಲಿಕುರ್ಚಿ ಹೋಗುವ ಯಾವ ಸಂದಿಯಲ್ಲೂ ಬೈಕ್ ಹೋಗುತ್ತದೆ. ಬೈಕ್ ತಡೆಯುವ ಕಂಬ ಗಾಲಿಕುರ್ಚಿಯನ್ನೂ, ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲನ್ನೂ ತಡೆಯುತ್ತದೆ. ಕಂಬ ಕಾರು, ಟ್ರ್ಯಾಕ್ಟರ್ ತಡೆಯಲು ಮಾತ್ರ. ಅದೂ ಹೊಲಕ್ಕೆ ಹೋಗುವ ರೈತರ ಟ್ರ್ಯಾಕ್ಟರಿಗೆ ಬೀಗ ತೆಗೆದು ಮಲಗಿಸುವ ಹಾಗಿರಬೇಕು. ಅವರ ದಾರಿ ಮುಚ್ಚಿದರೆ ನಿಮ್ಮ ದಾರಿ ಒಂದು ತಿಂಗಳು ಬಾಳುವುದಿಲ್ಲ, ಬಾಳಲೂಬಾರದು.

ಬೈಕ್‌ನವನು ಸುಮ್ನೆ ನುಗ್ಗುವುದಿಲ್ಲ. ಎಲ್ಲೋ ಒಂದು ಸಿಗ್ನಲ್ಲನ್ನೋ, ಹಾಳಾದ ರಸ್ತೆಯನ್ನೋ ತಪ್ಪಿಸಲು ಬರುತ್ತಾನೆ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬೈಕ್ ಎಲ್ಲಿ ಹತ್ತಿತು ಎಲ್ಲಿ ಇಳಿಯಿತು ನೋಡಿದರೆ ಕಾರಣ ಗೊತ್ತಾಗುತ್ತದೆ. ಪಕ್ಕದ ರಸ್ತೆಯ ಗುಂಡಿ ಮುಚ್ಚಿಸಿದ್ದಕ್ಕೇ ಬೈಕ್ ಅರ್ಧ ಕಡಿಮೆಯಾದದ್ದು ನೋಡಿದ್ದೇನೆ. ಕಾನೂನೂ ನಿಮ್ಮ ಕಡೆ ಇದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಫುಟ್‌ಪಾತ್, ಸೈಕಲ್ ದಾರಿ ಮೇಲೆ ಗಾಡಿ ಓಡಿಸುವಂತಿಲ್ಲ. ಆದರೆ ಅದು ಸೈಕಲ್ ದಾರಿ ಅಂತ ಬೋರ್ಡಿನಲ್ಲೂ ಕಾಗದದಲ್ಲೂ ಇರಬೇಕು. ಎರಡು ತುದಿಯಲ್ಲಿ ಒಗ್ಗರಣೆ ಮಿರ್ಚಿ ಗಾಡಿಗಳು ನಿಂತರೆ ಓಡಿಸಬೇಡಿ. ಸಂಜೆ ಏಳರ ಮೇಲೆ ಒಬ್ಬಂಟಿ ಹೆಣ್ಣುಮಗಳಿಗೆ ಹತ್ತು ಲೈಟು ಕಂಬಕ್ಕಿಂತ ಒಬ್ಬ ಗಾಡಿಯವನ ಕಣ್ಣು ಜಾಸ್ತಿ ಧೈರ್ಯ ಕೊಡುತ್ತದೆ. ಇನ್ನೂರು ಮುನ್ನೂರು ಮೀಟರಿಗೆ ಒಂದು ಇಳಿಯುವ ದಾರಿ ಇರಲಿ, ಎರಡೂ ಕಡೆ ಬೇಲಿ ಕಟ್ಟಿ ಸುರಂಗ ಮಾಡಬೇಡಿ.

ರಸ್ತೆ ದಾಟುವ ಜಾಗದಲ್ಲೇ ಹೆಚ್ಚಿನ ದಾರಿಗಳು ಸಾಯುತ್ತವೆ. ಎರಡು ಕಿಲೋಮೀಟರ್ ಚೆನ್ನಾಗಿದ್ದು, ನಡುವೆ ಲಾರಿ ಓಡುವ ಒಂದು ರಸ್ತೆ ಅಡ್ಡ ಬಂದರೆ ತಾಯಿ ಮಗುವನ್ನು ಆಚೆ ಕಳಿಸುವುದಿಲ್ಲ. ಆಗ ನಿಮ್ಮದು ಎರಡು ಕಿಲೋಮೀಟರ್ ದಾರಿ ಅಲ್ಲ, ಒಂದೊಂದು ಕಿಲೋಮೀಟರಿನ ಎರಡು ತುಂಡು. ತಾಸಿಗೆ 40 ಕಿಲೋಮೀಟರ್ ವೇಗದ ಗಾಡಿ ನಿಲ್ಲಲು 45 ಮೀಟರ್ ಬೇಕು, 60 ಇದ್ದರೆ 80 ಮೀಟರ್. ಆದ್ದರಿಂದ ಡ್ರೈವರಿಗೆ ಅಷ್ಟು ದೂರದಿಂದ ದಾಟುವವರು ಕಾಣಬೇಕು. ಸಾಮಾನ್ಯವಾಗಿ ಕಾಲುವೆ ಸೇತುವೆ ರಸ್ತೆಗಿಂತ ಉಬ್ಬಿಕೊಂಡಿರುತ್ತದೆ, ಪಕ್ಕದಲ್ಲಿ ಜಾಲಿ ಬೆಳೆದು ಏನೂ ಕಾಣುವುದಿಲ್ಲ. ಅಲ್ಲಿ ಮೊದಲು ಜಾಲಿ ತೆಗೆಸಿ. ಆಮೇಲೆ ರಸ್ತೆಯನ್ನೇ ದಾರಿಯ ಮಟ್ಟಕ್ಕೆ ಎತ್ತರಿಸಿದ ಅಗಲ ಉಬ್ಬು ಕೇಳಿ. ದಾಟುವವರು ಇಳಿದು ಹತ್ತಬಾರದು, ಗಾಡಿಯೇ ಹತ್ತಿ ಇಳಿಯಬೇಕು. ದೊಡ್ಡ ರಸ್ತೆಯಾದರೆ ನಡುವೆ ನಿಲ್ಲಲು ಒಂದು ಕಟ್ಟೆ, ಒಂದು ಸೈಕಲ್ ಉದ್ದಕ್ಕೆ, ಅಂದರೆ 2 ಮೀಟರ್. ಇದಕ್ಕೆ ದುಡ್ಡಿಲ್ಲ ಅಂದರೆ ಟೈಲ್ಸ್ ದುಡ್ಡು ಉಳಿದಿದೆ ಅನ್ನಿ.

ನೀರಿನ ಭಯವನ್ನು ಹಗುರ ಮಾಡಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಕೊಳಗಲ್ಲು ಹತ್ತಿರ ಕೂಲಿ ಹೆಣ್ಣುಮಕ್ಕಳಿದ್ದ ಆಟೊ ಇದೇ ಎಚ್‌ಎಲ್‌ಸಿಗೆ ಉರುಳಿತ್ತು, ಜೀವಗಳು ಹೋದವು. ಒಳಬದಿಗೆ ಕಾಂಕ್ರೀಟ್ ಹೊದಿಸಿ ಲೈನಿಂಗ್ ಮಾಡಿದ ಕಾಲುವೆಗೆ ಬಿದ್ದವರಿಗೆ ಈಜು ಬಂದರೂ ಹತ್ತಿ ಬರುವುದು ಕಷ್ಟ, ಪಾಚಿಗೆ ಕೈಕಾಲು ನಿಲ್ಲುವುದಿಲ್ಲ. ದಾರಿಯ ಅಂಚು ನೀರಿನ ಇಳಿಜಾರಿನಿಂದ ಒಂದೂವರೆ ಮೀಟರ್ ದೂರ ಇರಲಿ. ಅಷ್ಟು ಇಲ್ಲದ ಕಡೆ, ತಿರುವಿನಲ್ಲಿ, 1.1 ಮೀಟರ್ ಎತ್ತರದ ಕಂಬಿ. ಉದ್ದಕ್ಕೂ ಕಂಬಿ ಕೇಳಿದರೆ ಹೂಳೆತ್ತುವ ಯಂತ್ರಕ್ಕೆ ಅಡ್ಡಿ ಅಂತ ನೀರಾವರಿಯವರು ಅರ್ಜಿಯನ್ನೇ ತಿರಸ್ಕರಿಸಬಹುದು. ಬದಲಿಗೆ ಲೈನಿಂಗ್‌ನಲ್ಲಿ ಅಲ್ಲಲ್ಲಿ ಹತ್ತುವ ಮೆಟ್ಟಿಲು, ಹಿಡಿಯಲು ಸರಪಳಿ ಕೇಳಿ.

ಒಪ್ಪಿಗೆಗೆ ಯಾರ ಹತ್ತಿರ ಹೋಗಬೇಕು ಅನ್ನುವುದರಲ್ಲೇ ಜನ ವರ್ಷ ಕಳೆಯುತ್ತಾರೆ. ಮುಖ್ಯ ಕಾಲುವೆ 1953ರಿಂದ ಇರುವ ತುಂಗಭದ್ರಾ ಮಂಡಳಿಯದು. ನಿಮ್ಮದು ಉಪಕಾಲುವೆ, ಹಾಗಾಗಿ ರಾಜ್ಯದ ನೀರಾವರಿ ಎಂಜಿನಿಯರ್ ಕಚೇರಿಗೆ ಮೊದಲು ಹೋಗಿ. ದಂಡೆ ಅವರದು, ಪಾಲಿಕೆ ಅವರನ್ನು ಕೇಳದೆ ಒಂದು ಬುಟ್ಟಿ ಮಣ್ಣೂ ಹಾಕುವಂತಿಲ್ಲ. 'ದಂಡೆ ಮೇಲಿನ ನಿಮ್ಮ ತಪಾಸಣೆ ದಾರಿ ವರ್ಷಪೂರ್ತಿ ಜೀಪು ಓಡಾಡುವ ಹಾಗೆ ಇರುತ್ತದೆ, ಜಾಲಿ ನಾವು ತೆಗೆಸುತ್ತೇವೆ' ಅಂತ ಮಾತು ಶುರು ಮಾಡಿ. ಅವರಿಗೂ ಲಾಭ ಇದೆ ಅಂತ ಗೊತ್ತಾಗಲಿ. ದುಡ್ಡಿಗೆ ಪಾಲಿಕೆಯ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನೂ ಕೇಳಬಹುದು. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಬಂದದ್ದು, ಅದಿರಿನ ಜಿಲ್ಲೆ ನಮ್ಮದಾದ್ದರಿಂದ ಇಲ್ಲಿ ಅದಕ್ಕೆ ಕೊರತೆ ಇಲ್ಲ. ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಅದರಲ್ಲಿ ಮೊದಲ ಪಾಲು. ಹಾಗಾಗಿ ಶಾಲೆಗೆ ಹೋಗುವ ದಾರಿ ಅಂತ ಬರೆಯಿರಿ. ಸುಳ್ಳಲ್ಲವಲ್ಲ, ಯೂನಿಫಾರಂ ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲೇ ಇರುತ್ತದೆ.

ನನಗೊಂದು ಹಳೆಯ ಆಸೆ ಇದೆ, ಇದಕ್ಕೆ ಸಂಬಂಧ ಇಲ್ಲದಿದ್ದರೂ ಹೇಳುತ್ತೇನೆ. ಊರಿನಿಂದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದವರೆಗೆ ಇಂಥ ಒಂದು ದಾರಿ. ನಾಲ್ಕೈದು ಸಾವಿರ ವರ್ಷ ಹಿಂದಿನ ಜನರ ನೆಲೆ, ಬಡಿದರೆ ಗಂಟೆಯ ಹಾಗೆ ನಾದ ಬರುವ ಬಂಡೆಗಳು. ಸೈಕಲ್ಲಿನಲ್ಲಿ ಮುಕ್ಕಾಲು ತಾಸಿನ ದೂರ. ಹೊರಗಿನಿಂದ ಬಂದವರು ಹಂಪಿಗೆ ಓಡುತ್ತಾರೆ, ನಮ್ಮ ಮಕ್ಕಳೂ ಈ ಗುಡ್ಡವನ್ನು ನೋಡಿರುವುದಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಎರಡು ಕಿಲೋಮೀಟರನ್ನೂ ಒಂದೇ ಸಲ ಕೇಳಬೇಡಿ. ಶಾಲೆಯ ಕಡೆಯ ಒಂದು ಕಿಲೋಮೀಟರ್ ಮತ್ತು ಅದರ ಒಂದು ರಸ್ತೆ ದಾಟುವ ಜಾಗ, ಅಷ್ಟು ಮಾತ್ರ ಈ ವರ್ಷ. ಒಂದು ಮಳೆಗಾಲ ಕಳೆಯಲಿ, ಎಲ್ಲಿ ಕುಸಿಯಿತು ಎಲ್ಲಿ ಉಬ್ಬಿತು ನೋಡಿ, ಆಮೇಲೆ ಎರಡನೆಯದು. ಕಾಲುವೆಗೆ ನೀರು ನಿಂತ ಮೇಲೆ ಕೆಲಸ ಹಿಡಿಯಬೇಕು, ಮತ್ತೆ ನೀರು ಬಿಡುವ ಮೊದಲು ಮುಗಿಸಬೇಕು. ಅದಕ್ಕೆ ಅರ್ಜಿ ದೀಪಾವಳಿ ಹೊತ್ತಿಗೇ ಕಚೇರಿಯಲ್ಲಿರಲಿ.

ಅದಕ್ಕೂ ಮೊದಲು ದಂಡೆಯ ಮೂರು ಕಡೆ ಮೊಣಕಾಲುದ್ದ ಗುಂಡಿ ತೋಡಿ, ಒಂದೊಂದು ಕೆಜಿ ಮಣ್ಣು ಬೇರೆ ಬೇರೆ ಚೀಲಕ್ಕೆ ಹಾಕಿ, ಎಲ್ಲಿಯದು ಅಂತ ಚೀಟಿ ಇಟ್ಟು ಲ್ಯಾಬಿಗೆ ಕೊಡಿ. ಎರಡು ಗಾಜಿನ ಅಳತೆ ಮತ್ತು ನಿಮ್ಮ ಎರಡು ದಿನದ ಲೆಕ್ಕ ನನಗೆ ಕಳಿಸಿ. ಎಲ್ಲಿ ಎಷ್ಟು ದಪ್ಪ ಗರಸು, ಎಲ್ಲಿ ಮೂರು ಮೀಟರ್, ಎಲ್ಲಿ ನಾಲ್ಕು ಅಂತ ಆಗ ಬರೆದು ಕೊಡುತ್ತೇನೆ.